ಎಮ್ಮಿ ಕ್ಯಾಲ್ಸಿಯಂ ಬಾಟ್ಲಿ ನಾಯಿಗಲ್ಲ

ದೋಸ್ತರೇ, ತೇರಗಾಂವದಾಗ ಎಮ್ಮಿ ಕಟ್ಟಿದ ಮನಿಗೆ ಕ್ಯಾಲ್ಸಿಯಂ ಬಾಟ್ಲಿ ಹೊಸದಲ್ಲ. ಈದ ಎಮ್ಮಿಗೆ ಅದು ಬೇಕು, ಖರೇ. ಆದ್ರ ನಾಯಿ ನಡುಗಿದ ಕೂಡಲೇ ಅದೇ ಬಾಟ್ಲಿಗೆ ಕೈ ಹಾಕೋದು ತಪ್ಪು ಅಂತ ನನ್ನ ಅಭಿಪ್ರಾಯ. 👇

ನಾಯಿಯ ಕುತ್ತಿಗೆಯಲ್ಲಿ, ಥೈರಾಯ್ಡ್ ಹತ್ತಿರ, ನಾಲ್ಕು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದ ಕ್ಯಾಲ್ಸಿಯಂ ಇಳಿಯದಂಗ ಕಾಯೋದು ಇವುಗಳ ಹಾರ್ಮೋನು. ಇವು ಕೆಲಸ ನಿಲ್ಲಿಸಿದ್ರ ಕ್ಯಾಲ್ಸಿಯಂ ಇಳಿಯುತ್ತದೆ, ಫಾಸ್ಫರಸ್ ಏರುತ್ತದೆ. ನಾಯಿ ಮುಖ ಉಜ್ಜಿಕೊಳ್ಳುತ್ತದೆ, ನಡುಗುತ್ತದೆ, ಫಿಟ್ಸ್ ಬರುತ್ತದೆ. ಇಂಥ ನಾಯಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಆದ್ರ ಯಾವುದು?

1️⃣ ಲೇಬಲ್ ಓದ್ರಿ. ಫಾಸ್ಫರಸ್ ಸೇರಿದ್ದು ಬ್ಯಾಡ. ರಕ್ತದಾಗ ಅದು ಮೊದಲೇ ಜಾಸ್ತಿ ಐತಿ.

2️⃣ ಗುಳಿಗಿ ತೂಕ ಬ್ಯಾರೆ, ಒಳಗಿನ ಕ್ಯಾಲ್ಸಿಯಂ ಬ್ಯಾರೆ. 500 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ 200 ಮಿಲಿಗ್ರಾಂ ಕ್ಯಾಲ್ಸಿಯಂ ಇರ್ತದ. ಅಷ್ಟೇ ಗ್ಲುಕೊನೇಟಿನಲ್ಲಿ ಸುಮಾರು 45 ಮಾತ್ರ. ಅದಕ್ಕ ಹೆಸರು ನೋಡದೆ ಡೋಸು ಬದಲಿಸಬ್ಯಾಡ್ರಿ.

3️⃣ ಕ್ಯಾಲ್ಸಿಯಂ ಒಂದೇ ಸಾಲದು. ಕರುಳು ಅದನ್ನ ಹೀರಿಕೊಳ್ಳಾಕ ಕ್ಯಾಲ್ಸಿಟ್ರಿಯಾಲ್ ಬೇಕು. ಅದನ್ನ ಡಾಕ್ಟರೇ ಬರೀಬೇಕು. ಮನ್ಯಾಗಿರೋ 60,000 ಯೂನಿಟ್ ಡಿ3 ಪೊಟ್ಟಣ ಅದಕ್ಕ ಬದಲಿ ಅಲ್ಲ. ಅದು ಸಣ್ಣ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು.

ಇನ್ನೊಂದು ಮಾತು. ಅಡಿಸನ್ ಅಂತ ಬ್ಯಾರೆ ಹಾರ್ಮೋನ್ ಕಾಯಿಲೆ ಐತಿ. ಅದರಲ್ಲೂ ನಾಯಿ ಸೊರಗುತ್ತದೆ, ನಡುಗುತ್ತದೆ. ಆದ್ರ ಅಂಥ ಕೆಲವು ನಾಯಿಗಳಲ್ಲಿ ಕ್ಯಾಲ್ಸಿಯಂ ಮೊದಲೇ ಹೆಚ್ಚಿರ್ತದ! ಮ್ಯಾಲೆ ಮತ್ತಷ್ಟು ಕುಡಿಸಿದ್ರ? ಹೊರಗಿನಿಂದ ನೋಡಿ ಯಾರೂ ಹೇಳಲಾರರು, ರಕ್ತ ಪರೀಕ್ಷೆಯೇ ಹೇಳಬೇಕು.

“ಊರ ನಾಯಿಗೆ ಯಾರ್ ರಕ್ತ ಪರೀಕ್ಷೆ ಮಾಡಿಸ್ತಾರ?” ಅಂತೀರಿ. ಖರ್ಚು ಐತಿ, ಒಪ್ಪೇನಿ. ಒಮ್ಮೆ ಮಾಡಿಸಿದ್ರ ಮುಗಿಯೂದಿಲ್ಲ, ಆಗಾಗ ಮಾಡಿಸಬೇಕು. ಆದ್ರ ಡೋಸು ಹೊಂದಿಕೊಂಡ ಮ್ಯಾಲೆ ಡಾಕ್ಟರು ಕ್ಯಾಲ್ಸಿಯಂ ಗುಳಿಗಿ ನಿಧಾನಕ್ಕ ಇಳಿಸ್ತಾರ. ಊಟದಾಗಿನ ಕ್ಯಾಲ್ಸಿಯಂ ಎಷ್ಟೋ ನಾಯಿಗೆ ಸಾಕಾಗ್ತದ. ಪರೀಕ್ಷೆ ಇಲ್ಲದೆ ವರ್ಷಗಟ್ಟಲೆ ಸುರಿಯೋ ಬಾಟ್ಲಿಗೂ ರೊಕ್ಕ ಬೇಕಲ್ಲ?

⚠️ ಫಿಟ್ಸ್ ಬಂದಾಗ ಬಾಯಿಗೆ ಏನೂ ಹಾಕಬ್ಯಾಡ್ರಿ, ಶ್ವಾಸಕೋಶಕ್ಕೆ ಹೋದೀತು. ಹುಚ್ಚುನಾಯಿ ರೋಗದಲ್ಲೂ ಫಿಟ್ಸ್ ಬರಬಹುದು, ಅದಕ್ಕ ಕೈಯನ್ನೂ ಹಾಕಬ್ಯಾಡ್ರಿ. ಸುತ್ತಲಿನ ಕಲ್ಲು, ಸಾಮಾನು ಸರಿಸಿ, ಶಾಂತ ಆದ ಮ್ಯಾಲೆ ಹಳಿಯಾಳದ ಪಶು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಆಗದ ಪರೀಕ್ಷೆಗೆ ಧಾರವಾಡ ದೂರಲ್ಲ.

ನಾಯಿಗೆ ಬಾಯಿ ಬರೂದಿಲ್ಲ, ಲೇಬಲ್ ಓದಾಕೂ ಬರೂದಿಲ್ಲ. ನಮಗ ಬರ್ತದಲ್ಲ, ಓದೂಣು.

ನಾಯಿ ಸಾಕಿದ ದೋಸ್ತನಿಗೆ ಕಳಿಸ್ರಿ 🐕

#ತೇರಗಾಂವ #ಹಳಿಯಾಳ #ನಮ್ಮನಾಯಿ