ಪ್ರವಾಸಿಯ ಕಿವಿಗೆ ಬೀಳದ್ದು

ಲಾವೋಸ್‌ಗೆ ಹೋಗಿಬಂದವರ ಬರಹಗಳಲ್ಲಿ ಮೊದಲು ಎದುರಾಗುವ ಮಾತು ಶಾಂತಿ. ಬೀದಿಯಲ್ಲಿ ಹಾರ್ನ್ ಕೇಳುವುದಿಲ್ಲ, ಅಂಗಡಿಯವರು ಮೈಮೇಲೆ ಬೀಳುವುದಿಲ್ಲ, ಮೆಕಾಂಗ್ ಮೆಲ್ಲಗೆ ಹರಿಯುತ್ತದೆ, ಜನ ಇದ್ದುದರಲ್ಲೇ ತೃಪ್ತರು. ರಾತ್ರಿ ಪಬ್ಬುಗಳ ಸದ್ದಿಗೆ ಕಿಟಕಿ ಮುಚ್ಚಿಕೊಳ್ಳುವ ಇಂದಿರಾನಗರದವರಿಗೆ, ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ದಿನಕ್ಕೆ ಎರಡು ಸಲ ಸಿಕ್ಕಿಕೊಳ್ಳುವವರಿಗೆ ಈ ಶಾಂತಿಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಅದನ್ನು ಹುಡುಕಿಕೊಂಡು ಹೋಗುವುದರಲ್ಲಿ ತಪ್ಪೂ ಇಲ್ಲ. ನನ್ನ ತಕರಾರು ಇರುವುದು ಮೊದಲ ಮೂರು ಮಾತುಗಳಿಂದ ನಾಲ್ಕನೆಯದಕ್ಕೆ ಹಾರಿಬಿಡುವ ಆ ಜಿಗಿತದ ಮೇಲೆ. ಹಾರ್ನ್ ಇಲ್ಲದ್ದು ಕಿವಿಗೆ ತಿಳಿದ ಸಂಗತಿ. ಜನ ತೃಪ್ತರೆಂಬುದು ಯಾರನ್ನೂ ಕೇಳದೆ ಕೊಟ್ಟ ತೀರ್ಪು. ಊರು ಶಾಂತವಾಗಿತ್ತು ಎಂದು ಪ್ರವಾಸಿ ಬರೆದಾಗ ಅವನು ಆ ಊರಿನ ಯಾವ ಜಗಲಿಯ ಮೇಲೆ ಕೂತಿದ್ದ ಎಂದು ವಿಚಾರಿಸಬೇಕು. ವಿಚಾರಿಸುವುದಕ್ಕೆ ನಮ್ಮಲ್ಲೇ ಒಳ್ಳೆಯ ನಿದರ್ಶನವಿದೆ. ಬೆಂಗಳೂರಿನ ದಂಡೂ ಒಂದು ಕಾಲಕ್ಕೆ ಪರದೇಶಿಗಳ ಬರಹದಲ್ಲಿ ಇಂಥದೇ ಪ್ರಶಾಂತ ಊರಾಗಿತ್ತು.

ಶ್ರೀರಂಗಪಟ್ಟಣದ ಮಲೇರಿಯಾ ತಾಳಲಾರದೆ ಬ್ರಿಟಿಷರು ತಮ್ಮ ಸೈನ್ಯವನ್ನು ಇಲ್ಲಿಗೆ ತಂದು 1809ರಲ್ಲಿ ದಂಡನ್ನು ನೆಲೆಗೊಳಿಸಿದರು. 1896ರಲ್ಲಿ 4ನೇ ಹುಸಾರ್ಸ್ ಅಶ್ವದಳದೊಂದಿಗೆ ಬಂದ ಯುವ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ 1930ರ ತನ್ನ ಆತ್ಮಕಥೆಯಲ್ಲಿ ಇಲ್ಲಿನ ದಿನಗಳನ್ನು ಮನಸಾರೆ ನೆನೆದಿದ್ದಾನೆ. ಹಿತವಾದ ಹವೆ, ಬಿಳಿ–ನಸುಗೆಂಪು ಬಣ್ಣದ ಹೆಂಚಿನ ಬಂಗಲೆ, ಕಂಬಗಳಿಗೆ ಹಬ್ಬಿದ ಬೋಗನ್‌ವಿಲ್ಲಾ, ಗುಲಾಬಿ ತೋಟ, ಸಂಜೆ ಪೋಲೋ, ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಗಿಬ್ಬನ್ನನ ರೋಮ್ ಇತಿಹಾಸದ ಓದು. ಇಲ್ಲೇ ಆತ ಒಂದು ಲೆಕ್ಕವನ್ನೂ ಬರೆದಿಟ್ಟಿದ್ದಾನೆ, ಅದಕ್ಕಾಗಿ ಅವನಿಗೆ ಋಣಿಯಾಗಿರಬೇಕು. ಬಂಗಲೆಯಲ್ಲಿದ್ದ ಮೂವರು ಅಧಿಕಾರಿಗಳಿಗೆ ಒಬ್ಬೊಬ್ಬ ಬಟ್ಲರ್, ಒಬ್ಬೊಬ್ಬ ಉಡುಪಿನ ಆಳು, ಕುದುರೆಗೊಬ್ಬ ಸಯಿಸ. ಎಲ್ಲರಿಗೂ ಸೇರಿ ಇಬ್ಬರು ಮಾಲಿಗಳು, ಮೂವರು ನೀರಿನ ಭಿಸ್ತಿಗಳು, ನಾಲ್ವರು ಅಗಸರು, ಒಬ್ಬ ಕಾವಲುಗಾರ. ಮೂವರು ನೆಮ್ಮದಿಯಾಗಿ ಕೂತು ಓದುವುದಕ್ಕೆ ಇಷ್ಟು ಜನ ದುಡಿಯಬೇಕಿತ್ತು. ಅವರು ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಎಲ್ಲಿಂದ ನಡೆದು ಬರುತ್ತಿದ್ದರು, ಯಾವ ಭಾಷೆಯಲ್ಲಿ ತಮ್ಮತಮ್ಮಲ್ಲಿ ಗೊಣಗಿಕೊಳ್ಳುತ್ತಿದ್ದರು ಎಂಬ ಪ್ರಶ್ನೆಗಳಿಗೆ ಜಗಲಿಯ ಮೇಲೆ ಕೂತವನಲ್ಲಿ ಉತ್ತರವಿರಲಿಲ್ಲ.

ದಂಡಿನ ಜನ ಬಹುಪಾಲು ವಾಸವಿದ್ದದ್ದು ಬಂಗಲೆಗಳ ವಿಶಾಲ ಕಾಂಪೌಂಡುಗಳಿಂದ ಸ್ವಲ್ಪವೇ ದೂರದ ಬ್ಲ್ಯಾಕ್‌ಪಲ್ಲಿಯಲ್ಲಿ, ಅಂದರೆ ಇಂದಿನ ಶಿವಾಜಿನಗರದ ಸುತ್ತ. ಸೈನ್ಯದ ಹಿಂದೆ ಮದರಾಸು ಸೀಮೆಯಿಂದ ಬಂದ ತಮಿಳರು, ತೆಲುಗರು, ಉರ್ದು ಮಾತಿನ ವ್ಯಾಪಾರಿಗಳು, ಕೂಲಿಗಳು, ಅಡುಗೆಯವರು ಅಲ್ಲಿನ ಇಕ್ಕಟ್ಟು ಓಣಿಗಳಲ್ಲಿ ಒತ್ತಿಕೊಂಡಿದ್ದರು. ಹಲಸೂರಂತೂ ದಂಡಿಗಿಂತ ಹಳೆಯ ಊರು. ಅದರ ಸೋಮೇಶ್ವರ ದೇವಾಲಯ ಬ್ರಿಟಿಷರ ಬೂಟಿನ ಸದ್ದು ಕೇಳುವುದಕ್ಕೆ ಶತಮಾನಗಳ ಮೊದಲೇ ನಿಂತಿತ್ತು. 1898ರಲ್ಲಿ ಪ್ಲೇಗು ಬಂದಾಗ ಪೇಟೆಯಲ್ಲೂ ದಂಡಿನಲ್ಲೂ ಸಾವಿರಾರು ಜನ ಸತ್ತರು. ಚರ್ಚಿಲ್‌ನ ದಳ ಇಲ್ಲಿ ಬೀಡುಬಿಟ್ಟಿದ್ದ ವರ್ಷಗಳವು. ಓಣಿಗಳ ಇಕ್ಕಟ್ಟನ್ನು ಸಡಿಲಿಸಬೇಕೆಂದು ಆಮೇಲೆ ಕಟ್ಟಿದ ಬಡಾವಣೆಯೇ ಫ್ರೇಜರ್ ಟೌನ್. ಇಂದು ನಾವು ಆ ಬಡಾವಣೆಯ ಮರಗಳನ್ನೂ ಹಳೆಯ ಮನೆಗಳನ್ನೂ ಹಾಡಿ ಹೊಗಳುವಾಗ ಅದು ಹುಟ್ಟಿದ್ದು ಯಾವ ಸಂಕಟದಿಂದ ಎಂಬುದು ಮನಸ್ಸಿಗೆ ಬರುವುದೇ ಇಲ್ಲ. ಹೊರಗಿನವರ ಕಣ್ಣು ನಮ್ಮದೂ ಆಗಿಬಿಟ್ಟಿದೆ. ‘ಪಿಂಚಣಿದಾರರ ಸ್ವರ್ಗ’ ಎಂದು ಹಳೆಯ ಬೆಂಗಳೂರನ್ನು ನೆನೆದು ಹಲುಬುವ ಬರಹಗಳಲ್ಲಿ ಪಿಂಚಣಿ ಬರುತ್ತಿದ್ದವರ ಊರಿದೆ; ಅವರ ಮನೆಯ ಬಟ್ಟೆ ಒಗೆದವರ ಊರನ್ನು ಎಷ್ಟು ಹುಡುಕಿದರೂ ಸಿಗುವುದು ಅಪರೂಪ.

ಈಗ ಲಾವೋಸ್‌ಗೆ ಮರಳಿದರೆ ಅಲ್ಲಿನ ಮೌನಕ್ಕೂ ಒಂದು ಚರಿತ್ರೆ ಇರುವುದು ಕಾಣುತ್ತದೆ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಆ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬ್ ಸುರಿದವು. ಗೊಂಚಲು ಬಾಂಬುಗಳಿಂದ ಉದುರಿದ ಸುಮಾರು 27 ಕೋಟಿ ಮರಿಬಾಂಬುಗಳಲ್ಲಿ 8 ಕೋಟಿಯಷ್ಟು ಸಿಡಿಯದೆ ಮಣ್ಣಲ್ಲೇ ಉಳಿದವೆಂಬ ಅಂದಾಜಿದೆ. ಪ್ರವಾಸಿಯ ಫೋಟೋದಲ್ಲಿ ಪ್ರಶಾಂತವಾಗಿ ಕಾಣುವ ಗದ್ದೆಯಲ್ಲಿ ರೈತ ಗುದ್ದಲಿ ಹಾಕಲು ಹೆದರುವ ಜಾಗಗಳೂ ಇರಬಹುದು. 1975ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ನಂತರ ಲಕ್ಷಾಂತರ ಜನ ದೇಶ ಬಿಟ್ಟರು. ಅಂದಿನಿಂದ ಒಂದೇ ಪಕ್ಷದ ಆಡಳಿತ, ಪತ್ರಿಕೆಗಳೆಲ್ಲ ಅದರ ಹಿಡಿತದಲ್ಲಿ. ಬೀದಿಯಲ್ಲಿ ಮೆರವಣಿಗೆ, ಘೋಷಣೆ ಕೇಳಿಸದ ದೇಶದಲ್ಲಿ ದೂರುಗಳೇ ಇಲ್ಲವೆಂದು ತಿಳಿದರೆ ಹೇಗೆ? ಲಾವೋ ಜನ ಮಾತುಮಾತಿಗೆ ‘ಬೊ ಪೆನ್ ಯಂಗ್’ ಎನ್ನುತ್ತಾರೆ. ಅದರ ನಿರಾಳ ಸ್ವಭಾವಕ್ಕೆ ಮಾರುಹೋಗದ ಪ್ರವಾಸಿ ಬರಹವೇ ಇಲ್ಲವೇನೋ. ಆದರೆ ಅದರ ಅರ್ಥ ನಮ್ಮ ‘ಪರವಾಗಿಲ್ಲ ಬಿಡಿ’ಗೆ ತೀರ ಹತ್ತಿರ, ಮತ್ತು ಆ ಮಾತಿನೊಳಗೆ ಏನೇನಿದೆಯೆಂದು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಅದು ಕ್ಷಮೆಯೂ ಆಗುತ್ತದೆ, ಮುನಿಸೂ ಆಗುತ್ತದೆ. ಇವರ ಹತ್ತಿರ ಹೇಳಿ ಏನು ಪ್ರಯೋಜನ ಎಂಬ ದಣಿವೂ ಆಗುತ್ತದೆ. ಕೇಳಿದವನಿಗೆ ಯಾವುದು ಯಾವಾಗ ಎಂದು ತಿಳಿಯಬೇಕಾದರೆ ಹೇಳಿದವರ ಬದುಕು ಒಂದಿಷ್ಟಾದರೂ ಗೊತ್ತಿರಬೇಕು.

ಹತ್ತು ದಿನದ ರಜೆಯಲ್ಲಿ ದಣಿವಾರಿಸಿಕೊಳ್ಳಲು ಹೋದವರ ತಲೆಯ ಮೇಲೆ ಇಷ್ಟೆಲ್ಲ ಭಾರ ಹೊರಿಸುವುದು ನ್ಯಾಯವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸುಮ್ಮನೆ ಹೋಗಿ ಸುಮ್ಮನೆ ಬರುವವರಿಂದ ನಾನು ಏನನ್ನೂ ಬಯಸುವುದಿಲ್ಲ. ಆದರೆ ಬರೆಯಲು ಕೂತು, ಒಂದು ಜನಾಂಗದ ಮನಸ್ಸು ಹೀಗಿದೆ ಎಂದು ಓದುಗರಿಗೆ ಹೇಳತೊಡಗಿದ ಕೂಡಲೇ ಹೊಣೆ ಶುರುವಾಗುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಒಳಗಿನವರಿಗೆ ರೂಢಿಯಾಗಿ ಕಾಣದೇ ಹೋದದ್ದು ಹೊರಗಿನವರಿಗೆ ಕಾಣುತ್ತದೆ. ಇದನ್ನು ಒಪ್ಪುತ್ತೇನೆ. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಪೇಟೆಯ ನೇಕಾರರು, ಬಣ್ಣ ಹಾಕುವವರು, ಗಾಣದವರು ಹೇಗೆ ದುಡಿಯುತ್ತಾರೆ, ಎಷ್ಟು ಗಳಿಸುತ್ತಾರೆ ಎಂದು ಬರೆದಿಟ್ಟದ್ದು ಇಲ್ಲದಿದ್ದರೆ ನಮ್ಮ ಊರಿನ ಬಗ್ಗೆ ನಮಗೇ ತಿಳಿಯದ ಸಂಗತಿಗಳು ಎಷ್ಟೋ ಇರುತ್ತಿದ್ದವು. ಆತನೂ ಹೊರಗಿನವನೇ, ಅದರಲ್ಲೂ ಗೆದ್ದವರ ಕಡೆಯವನು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇಲೆ, ಟಿಪ್ಪು ಸತ್ತ ಮರುವರ್ಷವೇ ಬಂದವನು. ಅವನ ಪ್ರಶ್ನೆಗಳ ಹಿಂದೆ ಕಂಪನಿಯ ಲಾಭದ ಲೆಕ್ಕ ಇತ್ತೆಂಬುದನ್ನು ಮರೆಯುವಂತಿಲ್ಲ. ಹಾಗಿದ್ದೂ ಮಗ್ಗದ ಮುಂದೆ ನಿಂತು ಕೇಳಿದ್ದರಿಂದ ಅವನ ಬೆಂಗಳೂರು ಸದ್ದು ತುಂಬಿದ ಊರು. ಚರ್ಚಿಲ್‌ನದು ನಿಶ್ಶಬ್ದ. ಇಬ್ಬರ ನಡುವೆ ಸುಮಾರು ನೂರು ವರ್ಷದ ಅಂತರ ಇದ್ದದ್ದು ನಿಜ, ಆದರೆ ಈ ವ್ಯತ್ಯಾಸ ಹುಟ್ಟಿದ್ದು ಒಬ್ಬ ಕೇಳಿದ, ಒಬ್ಬ ಕೇಳಲಿಲ್ಲ ಎಂಬುದರಿಂದ.

ಹಾಗೆಂದು ಲಾವೋಸ್‌ನ ಶಾಂತಿಯೆಲ್ಲ ಗಾಯದ ಗುರುತು ಎಂದುಬಿಟ್ಟರೆ ಅದೂ ಅಲ್ಲಿಯ ಜನರಿಗೆ ಮಾಡಿದ ಅನ್ಯಾಯವೇ. ದನಿಯೇರಿಸದಿರುವುದು, ರಸ್ತೆಯಲ್ಲಿ ಇನ್ನೊಬ್ಬರಿಗೆ ದಾರಿ ಬಿಡುವುದು ಅವರು ತಲೆಮಾರುಗಳಿಂದ ರೂಢಿಸಿಕೊಂಡು ಬಂದ ಸೌಜನ್ಯ, ನಮ್ಮ ಹಳೆ ಮದರಾಸು ರಸ್ತೆಗೆ ತುರ್ತಾಗಿ ಬೇಕಾದದ್ದು. ಅದನ್ನು ಆ ನೆಲದ ಹವೆಯ ಗುಣವೆಂಬಂತೆ ಬರೆಯದೆ, ಜನ ದಿನದಿನ ಶ್ರಮಪಟ್ಟು ಮಾಡುವ ಕೆಲಸವೆಂದು ಬರೆಯಬೇಕು. 1995ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಲುವಾಂಗ್ ಪ್ರಬಾಂಗ್‌ನಲ್ಲಿ ಮುಂಜಾನೆ ಭಿಕ್ಷುಗಳು ಸಾಲಾಗಿ ಭಿಕ್ಷೆಗೆ ಹೊರಡುವ ದೃಶ್ಯವನ್ನು ಕ್ಯಾಮೆರಾದಲ್ಲಿ ಹಿಡಿಯಲು ಎಷ್ಟು ಜನ ನುಗ್ಗುತ್ತಾರೆಂದರೆ, ದೂರ ನಿಲ್ಲಿ, ಸದ್ದು ಮಾಡಬೇಡಿ ಎಂದು ಪ್ರವಾಸಿಗಳಿಗೇ ಫಲಕ ಹಾಕಬೇಕಾಗಿದೆ. ಆ ಸಾಲಿನ ಮುಂದೆ ಮೊಣಕಾಲೂರಿ ಕೂತ ಹೆಂಗಸಿನ ಬುಟ್ಟಿಯಲ್ಲಿ ಅಂಟಕ್ಕಿಯ ಅನ್ನವಿರುತ್ತದೆ. ಅದಕ್ಕೆ ಅಕ್ಕಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೆಳಕು ಹರಿಯುವ ಮೊದಲೇ ಎದ್ದು ಒಲೆ ಹೊತ್ತಿಸಿ ಹಬೆಯಲ್ಲಿ ಬೇಯಿಸಬೇಕು.