ಬಳಪದ ಕಲ್ಲಿನ ಮರಿಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಬಳಪದ ಕಲ್ಲಿನ ಮರಿಗೆಗಳು ಮೂಲೆಗುಂಪಾಗಿರುವುದುಂಟು. ತಾಯಂದಿರೇ, ಅವನ್ನು ಹಿತ್ತಿಲಿಗೆ ಎಸೆಯದಿರಿ. ಈ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್ ಗಡಸುತನದ ಮೋಸ್ ಮಾಪಕದಲ್ಲಿ 1ನೆಯದು. ಉಗುರಿನಿಂದಲೂ ಗೀರಬಹುದಾದಷ್ಟು ಮೃದು. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಸೂಕ್ಷ್ಮ ಕೆತ್ತನೆಗೆ ಒದಗಿದುದು ಈ ಮೃದುತ್ವವೇ. ಹುಳಿಗೆ ಕೆಡದ ಕಾರಣ ಉಪ್ಪಿನಕಾಯಿ, ಮಜ್ಜಿಗೆ, ತಂಬುಳಿಗಳಿಗೆ ಯೋಗ್ಯ. ಕಾವನ್ನೂ ಬಹುಹೊತ್ತು ಹಿಡಿದಿಡುತ್ತದೆ.

ಅಡಿಗೆಗೆ ಬಳಸುವ ಮುನ್ನ ಎಣ್ಣೆ, ಅರಿಸಿನ ಸವರಿ ಒಂದು ದಿನ ಬಿಡಬೇಕು. ಬಳಿಕ ಕೆಲವು ದಿನ ಬಿಸಿ ಗಂಜಿತೆಳಿ ತುಂಬಿಟ್ಟು, ಮಂದ ಉರಿಯಲ್ಲಿ ಪಳಗಿಸಬೇಕು. ಬರಿದಾದ ಪಾತ್ರೆಯನ್ನು ಒಲೆಗಿಟ್ಟರೆ, ಕಾದುದಕ್ಕೆ ತಣ್ಣೀರು ಸುರಿದರೆ ಬಿರುಕು ಬಿಡುವುದು. ತೊಳೆಯಲು ತಂತಿಯ ಉಜ್ಜು ಬೇಡ, ಸೀಗೆಪುಡಿ ಸಾಕು. ತಾಳ್ಮೆಯಿಂದ ಪಳಗಿಸಿದ ಮರಿಗೆ ಮೊಮ್ಮಕ್ಕಳ ಕಾಲಕ್ಕೂ ಬಾಳುವುದು.