ಕರಗುವ ಪ್ರತಿಮೆ, ಉಳಿಯುವ ಛಾಯಾಚಿತ್ರ

2009ರ ಸೆಪ್ಟೆಂಬರಿನಲ್ಲಿ ಬರ್ಲಿನ್ ನಗರದ ಜೆಂಡಾರ್ಮೆನ್‌ಮಾರ್ಕ್ಟ್ ಚೌಕದ ಸಂಗೀತಭವನದ ಸೋಪಾನಗಳ ಮೇಲೆ ಬ್ರೆಜಿಲ್ ದೇಶದ ಶಿಲ್ಪಿ ನೆಲೆ ಅಜೆವೆಡೊ ಅವರು ಗೇಣುದ್ದದ ಸಾವಿರ ಮಂಜುಗಡ್ಡೆಯ ಮನುಷ್ಯಾಕೃತಿಗಳನ್ನು ಕುಳ್ಳಿರಿಸಿದಾಗ, ನೆರೆದ ಜನರ ಕಣ್ಣೆದುರಿಗೇ ಅವು ಒಂದೊಂದಾಗಿ ಕರಗಿ ನೀರಾದುವು. ವೀರಪುರುಷರ ಕಂಚಿನ ಪ್ರತಿಮೆಗಳ ಶಾಶ್ವತತೆಯ ಗರ್ವವನ್ನು ಪ್ರಶ್ನಿಸಲೆಂದು ಹುಟ್ಟಿದ ಈ ಕಲೆ, ಕಾಲಕ್ರಮದಲ್ಲಿ ಭೂಮಿಯ ತಾಪವೃದ್ಧಿಯ ರೂಪಕವಾಗಿ ಪರಿಣಮಿಸಿತು. ಅದು ಸಹಜವೇ ಆಗಿತ್ತೆಂದು ನನ್ನ ಭಾವನೆ.

ನಶ್ವರತೆಯೇ ಪ್ರಾಣವಾಗಿರುವ ಕೃತಿಯನ್ನು ಛಾಯಾಚಿತ್ರದಲ್ಲಿ ಸೆರೆಹಿಡಿಯುವುದು ಅದರ ಧರ್ಮಕ್ಕೇ ವಿರುದ್ಧವೆನ್ನುವವರುಂಟು. ನಾನು ಒಪ್ಪಲಾರೆ. ತಲೆ ಬಾಗಿ, ಪಾದಗಳು ಸವೆದು, ತೊಡೆಯಿಂದಿಳಿದ ನೀರು ಕಲ್ಲಿನ ಮೇಲೆ ಕಪ್ಪಗೆ ಹರಡಿದ ಆ ಪುಟ್ಟ ಆಕೃತಿಯ ಚಿತ್ರವನ್ನು, ಅದೇ ಆಕೃತಿ ನೆಟ್ಟಗೆ ಕುಳಿತಿದ್ದಾಗಿನ ಚಿತ್ರದ ಪಕ್ಕದಲ್ಲಿಟ್ಟು ನೋಡಿದವನಿಗೆ, ಹಿಮನದಿಯೊಂದರ ಹಿನ್ನಡೆಯನ್ನು ಒಂದೇ ನೆಲೆಯಿಂದ ವರ್ಷವರ್ಷವೂ ಚಿತ್ರಿಸುವ ವಿಜ್ಞಾನಿಯ ಶ್ರಮದ ಅರ್ಥವೂ ತಿಳಿಯುತ್ತದೆ. 2015ರಲ್ಲಿ ಪ್ಯಾರಿಸಿನ ಹವಾಮಾನ ಸಮ್ಮೇಳನದ ವೇಳೆ ಕಲಾವಿದ ಓಲಾಫುರ್ ಎಲಿಯಾಸನ್ ಗ್ರೀನ್‌ಲೆಂಡಿನಿಂದ ತರಿಸಿ ಗಡಿಯಾರದಂತೆ ವೃತ್ತಾಕಾರದಲ್ಲಿ ಜೋಡಿಸಿದ 12 ಹಿಮಖಂಡಗಳಿಗೂ ಈ ಮಾತು ಸಲ್ಲುತ್ತದೆ.

ಆದರೆ ಪತ್ರಿಕೆಗಳು ಬಹುಮಟ್ಟಿಗೆ ಅಚ್ಚುಹಾಕುವುದು ಮೊದಲ ಗಳಿಗೆಯ ಸುಂದರ ಚಿತ್ರವನ್ನು ಮಾತ್ರ. ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟೇ: ಎಲ್ಲವೂ ಕರಗಿದ ಮೇಲೆ ಉಳಿದ ಒದ್ದೆ ಮೆಟ್ಟಿಲುಗಳ ಚಿತ್ರವನ್ನೂ ದಯಮಾಡಿ ಪ್ರಕಟಿಸಿರಿ.